ಮೈಯಳತೆಯೂ ಕೈದುವಿನ ತೂಕವೂ

ಗಂಗಾವತಿಗೆ ಅನತಿದೂರದಲ್ಲಿರುವ ಹಿರೇಬೆಣಕಲ್ಲಿನ ಗುಡ್ಡದ ಮೇಲೆ, ಕ್ರಿಸ್ತಪೂರ್ವ 800ರಿಂದ 200ರವರೆಗಿನ ಕಾಲದವೆಂದು ವಿದ್ವಾಂಸರು ಎಣಿಸಿರುವ ಸುಮಾರು 400 ಶಿಲಾಗೋರಿಗಳು ಹರಡಿಕೊಂಡಿವೆ. ಬಂಡೆಯ ಮೈಯಿಂದ ಹಾಳೆಹಾಳೆಯಾಗಿ ಎಬ್ಬಿಸಿದ ಚಪ್ಪಡಿಗಳನ್ನು ನಾಲ್ಕು ಕಡೆಗೂ ನಿಲ್ಲಿಸಿ, ಮೇಲೊಂದನ್ನು ಹೊದಿಸಿ, ಕೆಲವಕ್ಕೆ ಮುಂದಣ ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿಯನ್ನು ಕೊರೆದು ಮಾಡಿದ ಈ ರಚನೆಗಳಲ್ಲಿ ದೊಡ್ಡವು ಹೆಚ್ಚುಕಡಿಮೆ ಹತ್ತಡಿ ಎತ್ತರವಾಗಿವೆ. 1835ರಲ್ಲಿ ಮೆಡೋಸ್ ಟೇಲರನು ಇವನ್ನು ಹೊರಜಗತ್ತಿಗೆ ತಿಳಿಯಪಡಿಸುವುದಕ್ಕೆ ಎಷ್ಟೋ ಮೊದಲಿನಿಂದ ಸುತ್ತಣ ಊರವರು ಇವನ್ನು ಮೊರೇರ ಮನೆಗಳೆಂದು ಕರೆಯುತ್ತ ಬಂದವರು. ಮೊರೇರೆಂದರೆ ಮೂರಡಿಯ ಕುಳ್ಳ ಜನವೆಂದೂ, ಆ ಸಣ್ಣ ಕಿಂಡಿಯೇ ಅವರ ಬಾಗಿಲೆಂದೂ ಊರವರ ನಂಬಿಕೆ. ಮೂರಡಿಯ ಆಳು ಹತ್ತಡಿಯ ಚಪ್ಪಡಿಯನ್ನು ಎತ್ತಿ ನಿಲ್ಲಿಸಿದುದು ಹೇಗೆಂಬ ಪ್ರಶ್ನೆ ಕಥೆ ಹೇಳುವವರನ್ನು ಬಾಧಿಸಿದಂತೆ ಕಾಣದು. ಮೈ ಕಿರಿದಾದರೆ ಕಸುವೂ ಕಿರಿದಾಗಬೇಕೆಂಬ ನಿಯಮವನ್ನು ಈ ನಾಡು ಯಾವ ಕಾಲಕ್ಕೂ ಪೂರ್ತಿಯಾಗಿ ಒಪ್ಪಿದುದಿಲ್ಲವೆಂದು ನನಗೆ ತೋರುತ್ತದೆ. ಹನುಮಂತನು ಹುಟ್ಟಿದ ಬೆಟ್ಟವೆಂದು ಅಂಜನಾದ್ರಿಯನ್ನು ತೋರಿಸುವ ಜನ, ಬೆಕ್ಕಿನಷ್ಟಾಗಿಯೂ ಬೆಟ್ಟದಷ್ಟಾಗಿಯೂ ಬೆಳೆದು ಕುಗ್ಗಬಲ್ಲ ದೇವರನ್ನು ಮನೆಯವನೆಂದು ಭಾವಿಸಿದ ಜನ, ಅದನ್ನು ಒಪ್ಪುವುದಾದರೂ ಹೇಗೆ?

ಆದರೆ ಒಪ್ಪಿದವರು ಬೇರೆ ಕಡೆ ಇದ್ದಾರೆ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಹೊರತಂದ ‘ಡಂಜನ್ಸ್ ಆಂಡ್ ಡ್ರ್ಯಾಗನ್ಸ್’ ಎಂಬ ಆಟದಲ್ಲಿ, ಮೇಜಿನ ಸುತ್ತ ಕುಳಿತವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಮಧ್ಯಯುಗದ ಯೂರೋಪನ್ನು ಹೋಲುವ ಒಂದು ಕಲ್ಪಿತ ಜಗತ್ತಿನಲ್ಲಿ ಕತ್ತಿ ಕೊಡಲಿಗಳನ್ನು ಬೀಸುತ್ತ, ಏಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳವುರುಳಿಸಿ ನಿರ್ಣಯಿಸಿಕೊಳ್ಳುವರು. ಅಲ್ಲಿಯೂ ಸರಿಸುಮಾರು ಮೂರಡಿಯ ಒಂದು ಜನಾಂಗವುಂಟು. ಹಾಫ್ಲಿಂಗರೆಂದು ಅವರ ಹೆಸರು. ಈ ಆಟದ 2003ರ ನಿಯಮಗ್ರಂಥವು ಪ್ರತಿಯೊಂದು ಆಯುಧಕ್ಕೂ ಅದನ್ನು ಹಿಡಿಯುವವನ ಗಾತ್ರವನ್ನು ಗೊತ್ತುಮಾಡಿ, ತನ್ನದಲ್ಲದ ಗಾತ್ರದ ಆಯುಧವನ್ನು ಹಿಡಿದವನಿಗೆ ಪ್ರತಿಯೊಂದು ಮೆಟ್ಟಿಲ ವ್ಯತ್ಯಾಸಕ್ಕೂ ದಾಳದ ಎಣಿಕೆಯಲ್ಲಿ ಎರಡನ್ನು ಕಳೆಯಿತು. ದೊಡ್ಡವನ ಒಂಟಿಗೈಯ ಕತ್ತಿ ಸಣ್ಣವನಿಗೆ ಎರಡು ಕೈಯ ಕತ್ತಿಯಾಯಿತು. 2014ರ ಗ್ರಂಥವು ಇಷ್ಟು ಕೂಡುಕಳೆಯುವ ಗೊಡವೆಗೆ ಹೋಗದೆ, ಭಾರಿ ಆಯುಧವನ್ನೆತ್ತಿದ ಸಣ್ಣ ಗಾತ್ರದವನು ಇಪ್ಪತ್ತು ಮುಖದ ದಾಳವನ್ನು ಎರಡು ಬಾರಿ ಉರುಳಿಸಿ ಕಡಿಮೆ ಬಿದ್ದುದನ್ನೇ ತೆಗೆದುಕೊಳ್ಳತಕ್ಕದ್ದೆಂದು ವಿಧಿಸಿತು. ಮೊರೇರನೊಬ್ಬನು ಆ ಮೇಜಿನ ಮುಂದೆ ಕುಳಿತಿದ್ದರೆ ಅವನ ಗತಿ ಇದೇ ಆಗುತ್ತಿತ್ತು.

ಮಕ್ಕಳಾಟದ ನಿಯಮವೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದಿರುವ ಪ್ರಶ್ನೆ ಹಳೆಯದು. ಗಂಗಾವತಿ ಸೀಮೆಯ ಆನೆಗೊಂದಿಯ ಕೋಟೆಯ ಒಳಗೂ ಹೊರಗೂ ಶತಮಾನಗಳ ಕಾಲ ಆಯುಧ ಹಿಡಿದು ಅನ್ನ ಸಂಪಾದಿಸಿದವರಿಗೆ ಅದು ಆಟದ ಪ್ರಶ್ನೆಯಾಗಿರಲಿಲ್ಲ. ಅವರು ಅದಕ್ಕೆ ಕೊಟ್ಟ ಉತ್ತರವೇನು ಎಂಬುದನ್ನು ನೋಡುವುದಕ್ಕೆ ಮೊದಲು, ಶರೀರದ ಲೆಕ್ಕವೇ ಏನು ಹೇಳುತ್ತದೆಂಬುದನ್ನು ತಿಳಿಯುವುದು ಒಳ್ಳೆಯದು.

1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಲೆಕ್ಕವನ್ನು ಮಾಡಿಟ್ಟಿದ್ದಾನೆ. ಒಂದೇ ಆಕೃತಿಯ ಎರಡು ದೇಹಗಳಲ್ಲಿ ಒಂದರ ಎತ್ತರ ಮತ್ತೊಂದಕ್ಕಿಂತ ಹತ್ತನೆಯ ಒಂದು ಪಾಲು ಹೆಚ್ಚಾದರೆ, ಸ್ನಾಯುವಿನ ಅಡ್ಡಕೊಯ್ತದ ವಿಸ್ತಾರ, ಎಂದರೆ ಬಲ, ನೂರಕ್ಕೆ 21ರಷ್ಟು ಹೆಚ್ಚುವುದು. ಆದರೆ ಹೊರಬೇಕಾದ ಮೈಯ ತೂಕ ನೂರಕ್ಕೆ 33ರಷ್ಟು ಏರುವುದು. ದೊಡ್ಡ ಮೈಯವನು ಒಟ್ಟಿನಲ್ಲಿ ಬಲಶಾಲಿಯೇ ಹೌದು. ಆದರೆ ತನ್ನ ತೂಕಕ್ಕೆ ತಕ್ಕ ಬಲವನ್ನು ನೋಡಿದರೆ ಸಣ್ಣವನೇ ಮೇಲು. ಇನ್ನು ಆಯುಧಗಳ ತೂಕದ ಮಾತು. ಯೂರೋಪಿನ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿರುವ ಮಧ್ಯಯುಗದ ಒಂಟಿಗೈಯ ಕತ್ತಿಗಳು ಸಾಮಾನ್ಯವಾಗಿ ಒಂದು ಕಿಲೋಗ್ರಾಮಿನಿಂದ ಒಂದೂವರೆಯವರೆಗೆ ತೂಗುತ್ತವೆ. ಕಾದಾಟಕ್ಕೆಂದೇ ಮಾಡಿದ ಎರಡು ಕೈಯ ಮಹಾಖಡ್ಗಗಳು ಕೂಡ ಮೂರು, ಮೂರೂವರೆ ಕಿಲೋಗ್ರಾಮನ್ನು ಮೀರುವುದು ವಿರಳ. ತುಂಗಭದ್ರೆಯಿಂದ ಸೊಂಟದ ಮೇಲೆ ನೀರು ಹೊತ್ತು ತರುತ್ತಿದ್ದ ಹೆಣ್ಣುಮಗಳ ತುಂಬಿದ ಕೊಡಕ್ಕೆ ಹೋಲಿಸಿದರೆ ಇದು ಅದರ ಕಾಲುಭಾಗದ ಭಾರ. ಹಾಗಾದರೆ ಕಷ್ಟವಿರುವುದು ತೂಕದಲ್ಲಲ್ಲ, ನೀಳದಲ್ಲಿ. ಒಂದೇ ತೂಕದ ಕೋಲನ್ನು ಎರಡರಷ್ಟು ಉದ್ದ ಮಾಡಿದರೆ ಅದನ್ನು ತುದಿಯಲ್ಲಿ ಹಿಡಿದು ತಿರುಗಿಸುವ ಶ್ರಮ ನಾಲ್ಕರಷ್ಟಾಗುವುದು. ತಿರುಗುತ್ತಿರುವುದನ್ನು ನಡುವೆ ತಡೆದು ಬೇರೆ ದಿಕ್ಕಿಗೆ ಹೊರಳಿಸುವ ಶ್ರಮವೂ ಅಷ್ಟೇ. ತೋಳು ಗಿಡ್ಡವಾದವನಿಗೆ ಎಟುಕು ಕಡಿಮೆ ಎಂಬುದು ಇದಕ್ಕೆ ಸೇರಿದ ಇನ್ನೊಂದು ಕೊರತೆ. ಗಾತ್ರದ ನಿಜವಾದ ತೊಡಕು ಇಷ್ಟು. ಇದಕ್ಕಿಂತ ಹೆಚ್ಚಲ್ಲ, ಇದಕ್ಕಿಂತ ಕಡಿಮೆಯೂ ಅಲ್ಲ.

ಈ ತೊಡಕನ್ನು ನಮ್ಮ ಶಾಸ್ತ್ರಕಾರರು ಅರಿತಿದ್ದರು. ಅರಿತು, ಆಳಿಗೆ ಶಿಕ್ಷೆ ವಿಧಿಸುವ ಬದಲು ಆಯುಧವನ್ನು ಕತ್ತರಿಸಿದರು. ವಸಿಷ್ಠರ ಹೆಸರಿನಲ್ಲಿ ನಡೆದುಬಂದಿರುವ ಧನುರ್ವೇದವು ಮನುಷ್ಯರ ಬಿಲ್ಲಿಗೆ ನಾಲ್ಕು ಹಸ್ತಗಳ, ಹಸ್ತಕ್ಕೆ 24 ಅಂಗುಲಗಳ ಪ್ರಮಾಣವನ್ನು ಹೇಳುತ್ತದೆ. ಅಂಗುಲವೂ ಹಸ್ತವೂ ಮನುಷ್ಯನ ಮೈಯಿಂದಲೇ ಹುಟ್ಟಿದ ಮಾನಗಳಾದುದರಿಂದ, ಹಿಡಿಯುವವನ ಕೈಯಿಂದಲೇ ಬಿಲ್ಲನ್ನು ಅಳೆದ ಪಕ್ಷದಲ್ಲಿ ಕುಳ್ಳನ ಬಿಲ್ಲು ತಾನಾಗಿಯೇ ಕುಳ್ಳಾಗುವುದು, ನೀಳನದು ನೀಳವಾಗುವುದು. ಅದೇ ಗ್ರಂಥ ಮುಂದುವರಿದು ಬಿಲ್ಲಿನ ಬಿಗಿಯು ಬಿಲ್ಲುಗಾರನ ತೋಳ್ಬಲಕ್ಕಿಂತ ಕೊಂಚ ಕಡಿಮೆಯೇ ಇರಬೇಕೆಂದೂ, ಬಿಲ್ಲೇ ತನ್ನನ್ನು ಪೀಡಿಸುತ್ತಿರುವಾಗ ಬಿಲ್ಲುಗಾರನಿಗೆ ಗುರಿ ಕಾಣಿಸದೆಂದೂ ಎಚ್ಚರಿಸುತ್ತದೆ. ಅನುಭವವುಳ್ಳವನು ಹೇಳಿದ ಮಾತು ಇದು. ಎದೆಯ ಬಳಿಗೆ ಸೆಳೆದ ಹೆದೆಯನ್ನು ಹಿಡಿದು ನಿಲ್ಲಿಸಲಾರದೆ ಮೊಳಕೈ ನಡುಗುವಾಗ ಕಣ್ಣು ಬಾಣದ ಮೊನೆಯನ್ನು ಬಿಟ್ಟು ತನ್ನ ತೋಳಿನ ನೋವಿನ ಕಡೆಗೇ ತಿರುಗುವುದೆಂಬುದನ್ನು ಬಿಲ್ಲು ಹಿಡಿದು ನೋಡದವನು ಊಹಿಸುವುದು ಕಷ್ಟ.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಇದೇ ವಿವೇಕವನ್ನು ಮಲ್ಲರ ವಿಷಯಕ್ಕೆ ಅನ್ವಯಿಸುತ್ತದೆ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ, ಕೊಪ್ಪಳದ ಸೀಮೆಯೂ ಆ ಮನೆತನದ ಆಳ್ವಿಕೆಗೆ ಒಳಪಟ್ಟಿದ್ದ ಕಾಲದಲ್ಲಿ, ಆ ದೊರೆ ಮಲ್ಲವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟು, ಪ್ರಾಯ, ದೇಹ, ಬಲಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕರೆಂದೂ ಅಂತರಜ್ಯೇಷ್ಠಿಕರೆಂದೂ ಗೋವಳರೆಂದೂ ವಿಂಗಡಿಸಿದ್ದಾನೆ. ಗಮನಿಸಬೇಕಾದುದೆಂದರೆ, ಇಲ್ಲಿ ದೇಹಪ್ರಮಾಣವೆಂಬುದು ಮೂರರಲ್ಲಿ ಒಂದು ಮಾತ್ರ.

ಹೀಗೆ ಶಾಸ್ತ್ರದಲ್ಲಿ ಹೇಳಿದುದು ಆಚರಣೆಯಲ್ಲಿ ಹೇಗಿತ್ತೆಂಬುದಕ್ಕೆ ವಿಜಯನಗರದ ಅರಸರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಅದೃಷ್ಟವಶಾತ್ ಅವರಲ್ಲಿ ಇಬ್ಬರ ಮೈಕಟ್ಟನ್ನು ಕಣ್ಣಾರೆ ಕಂಡು ಬರೆದವರಿದ್ದಾರೆ. 1443ರಲ್ಲಿ ಬಂದ ಪಾರಸಿಕ ದೂತ ಅಬ್ದುರ್ ರಜಾಕನಿಗೆ ಇಮ್ಮಡಿ ದೇವರಾಯನು ಎಳೆಯ ಪ್ರಾಯದ, ಕೃಶಕಾಯದ, ಸ್ವಲ್ಪ ಎತ್ತರದ ಪುರುಷನಾಗಿ ಕಾಣಿಸಿದನು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸನು ಕೃಷ್ಣದೇವರಾಯನನ್ನು ವರ್ಣಿಸುವಾಗ ಮಧ್ಯಮ ಎತ್ತರದ, ಗೌರವರ್ಣದ, ತೆಳ್ಳಗೆನ್ನುವುದಕ್ಕಿಂತ ದಪ್ಪಗೆನ್ನಬಹುದಾದ, ಮುಖದ ಮೇಲೆ ಸಿಡುಬಿನ ಕಲೆಗಳುಳ್ಳ ಮನುಷ್ಯನೆಂದು ಬರೆದನು. ನಮ್ಮ ಚಿತ್ರಪಟಗಳ, ಚಲಚ್ಚಿತ್ರಗಳ ಆಜಾನುಬಾಹು ರಾಯನೆಲ್ಲಿ, ಪಾಯೆಸನು ಕಂಡ ಈ ಗುಂಡುಗುಂಡಗಿನ ರಾಯನೆಲ್ಲಿ! ಆದರೂ ಈತನೇ ಉದಯಗಿರಿಯಿಂದ ರಾಯಚೂರಿನವರೆಗೆ ಸೈನ್ಯದ ಮುಂದೆ ನಿಂತು ಕಾದಿದವನು.

ಆ ಮಧ್ಯಮ ಮೈಯನ್ನು ಅವನು ಏನು ಮಾಡಿಕೊಂಡನೆಂಬುದನ್ನೂ ಪಾಯೆಸನೇ ಹೇಳುತ್ತಾನೆ. ಆ ವಿವರವು ಅಷ್ಟು ಸೊಗಸಾಗಿರುವುದರಿಂದ ಅದನ್ನು ನಿಧಾನವಾಗಿ ನೋಡಬೇಕು. ಬೆಳಕು ಹರಿಯುವುದಕ್ಕೆ ಬಹಳ ಮುಂಚೆ ಎದ್ದು ರಾಯನು ಮುಕ್ಕಾಲು ಪೈಂಟಿನಷ್ಟು ಎಳ್ಳೆಣ್ಣೆಯನ್ನು ಕುಡಿಯುವನು. ಅದೇ ಎಣ್ಣೆಯನ್ನು ಮೈಗೆಲ್ಲ ಹಚ್ಚಿಕೊಳ್ಳುವನು. ಸೊಂಟಕ್ಕೊಂದು ಚಿಕ್ಕ ಬಟ್ಟೆಯನ್ನು ಸುತ್ತಿ, ಸುಟ್ಟ ಮಣ್ಣಿನಿಂದ ಮಾಡಿದ ದೊಡ್ಡ ಭಾರಗಳನ್ನು ತೋಳುಗಳಲ್ಲಿ ಎತ್ತುವನು. ಆಮೇಲೆ ಕತ್ತಿಯನ್ನು ಹಿಡಿದು, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೊರಗೆ ಹರಿಯುವವರೆಗೆ ಬೀಸುವನು. ಆಮೇಲೆ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಹಿಡಿಯುವನು. ಅದೂ ಮುಗಿದ ಮೇಲೆ ಕುದುರೆಯನ್ನೇರಿ ಬಯಲಿನಲ್ಲಿ ಅತ್ತಿಂದಿತ್ತ ಓಡಿಸುವನು. ಇಷ್ಟೆಲ್ಲ ಆದ ಮೇಲೆ ಬೆಳಗಾಗುವುದು. ಈ ಅನುಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಕತ್ತಿ ಮೊದಲು ಬರುವುದಿಲ್ಲ. ಭಾರವೆತ್ತಿ ತೋಳು ದಣಿದ ಮೇಲೆ ಬರುತ್ತದೆ. ದಣಿದ ತೋಳಿನಿಂದ ಬೀಸುವವನು ಬಲದಿಂದ ಬೀಸಲಾರನು. ಸೊಂಟವನ್ನು ತಿರುಗಿಸಿ, ಪಾದವನ್ನು ಸರಿಸಿ, ಕತ್ತಿಯ ತೂಕವೇ ಕತ್ತಿಯನ್ನು ಒಯ್ಯುವಂತೆ ಬಿಡುವುದನ್ನು ಕಲಿಯಲೇಬೇಕಾಗುತ್ತದೆ. ರಾಯನು ಈ ತತ್ತ್ವವನ್ನು ಎಣಿಸಿಯೇ ಹೀಗೆ ಮಾಡಿದನೋ, ಅವನ ಉಸ್ತಾದರು ಹೇಳಿದಂತೆ ನಡೆದನೋ. ಗರಡಿಯ ವ್ಯವಸ್ಥೆಯಂತೂ ಇಂದಿಗೂ ಹೀಗೆಯೇ ಇದೆ. ಮೊದಲು ದಂಡ, ಬಸ್ಕಿ; ಆಮೇಲೆ ಗದೆ, ಕಲ್ಲುಗುಂಡು; ಕಡೆಗೆ ಮಟ್ಟಿಗೆ ಇಳಿದು ಜೋಡಿ.

ಗರಡಿಯ ಗದೆಯನ್ನು ಹತ್ತಿರದಿಂದ ನೋಡಿದವರಿಗೆ ಗಾತ್ರದ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ದೊರೆಯುವುದು. ಬಿದಿರಿನ ಉದ್ದ ಹಿಡಿ, ತುದಿಗೊಂದು ದುಂಡು ಕಲ್ಲು. ಇಷ್ಟೇ ಅದರ ರಚನೆ. ಹೊಸಬನು ಅದನ್ನು ಮುಂದೋಳಿನಿಂದ ಎತ್ತಲು ಹೋಗಿ ಸೋಲುವನು. ಪಳಗಿದವನು ಅದನ್ನು ಎತ್ತುವುದೇ ಇಲ್ಲ. ಹೆಗಲ ಮೇಲಿಂದ ಬೆನ್ನ ಹಿಂದಕ್ಕೆ ಬೀಳಬಿಟ್ಟು, ಅದು ಬೆನ್ನಹುರಿಯ ಗುಂಟ ತೂಗಿ ಮತ್ತೊಂದು ಹೆಗಲ ಕಡೆಗೆ ತಾನಾಗಿ ಏರುವ ಕ್ಷಣವನ್ನು ಕಾದು, ಆ ಕ್ಷಣದಲ್ಲಿ ಮಾತ್ರ ಮೊಳಕೈಯನ್ನು ಮೇಲಕ್ಕೆ ಒತ್ತುವನು. ಹಿಡಿಯ ಬುಡವನ್ನು ಬಿಟ್ಟು ನಾಲ್ಕು ಬೆರಳು ಮೇಲೆ ಹಿಡಿದರೆ ಅದೇ ಗದೆ ಹಗುರವಾಗುವುದು, ಬುಡಕ್ಕೆ ಸರಿದರೆ ಭಾರವಾಗುವುದು. ಹೀಗೆ ಒಂದೇ ಗದೆ ಹದಿನಾಲ್ಕರ ಹುಡುಗನಿಗೂ ನಲವತ್ತರ ಪೈಲ್ವಾನನಿಗೂ ಒದಗುತ್ತದೆ. ದಾಳದಲ್ಲಿ ಎರಡನ್ನು ಕಳೆಯುವ ನಿಯಮಕಾರನು ಇಂಥದೊಂದು ಗರಡಿಯ ಹೊಸ್ತಿಲನ್ನು ದಾಟಿದ್ದರೆ ತನ್ನ ಕೋಷ್ಟಕದಲ್ಲಿ ಕೈ ಹಿಡಿಯುವ ಜಾಗಕ್ಕೂ ಒಂದು ಅಂಕಣವನ್ನು ಬಿಡುತ್ತಿದ್ದನು.

ಇನ್ನು ಸಾಮಾನ್ಯ ಸೈನಿಕರ ಆಯುಧಗಳು. ಮಹಾನವಮಿಯ ಬಳಿಕ ನಡೆದ ಸೈನ್ಯದ ಮೆರವಣಿಗೆಯನ್ನು ಕಂಡ ಪಾಯೆಸನಿಗೆ ಕಾಲಾಳುಗಳ ಗುರಾಣಿಗಳು ಎಷ್ಟು ದೊಡ್ಡವಾಗಿ ತೋರಿದುವೆಂದರೆ, ಅವು ಮೈಯನ್ನು ಪೂರ್ತಿಯಾಗಿ ಮರೆಮಾಡುತ್ತಿದ್ದುದರಿಂದ ಬೇರೆ ಕವಚದ ಅಗತ್ಯವೇ ಇಲ್ಲವೆಂದು ಅವನು ಬರೆದನು. ಗುರಾಣಿಯ ಹಿಂದೆ ಅಡಗಬೇಕಾದವನಿಗೆ ಕಿರಿಮೈ ಲಾಭವೇ ಹೊರತು ನಷ್ಟವಲ್ಲ. ಆ ಕಾಲದ ಕಠಾರಿಯನ್ನು ನೋಡಿರಿ: ಅಲಗು ಅಗಲ, ಉದ್ದ ಗಿಡ್ಡ, ಹಿಡಿಯು ಅಲಗಿನ ನೇರಕ್ಕಿರದೆ ಅಡ್ಡವಾಗಿದ್ದು, ಅದನ್ನು ನಾಲ್ಕು ಬೆರಳಿನಿಂದ ಮುಷ್ಟಿ ಕಟ್ಟಿ ಹಿಡಿದಾಗ ಎರಡು ಪಕ್ಕದ ಕಂಬಿಗಳು ಮಣಿಕಟ್ಟಿನ ಗುಂಟ ಹಿಂದಕ್ಕೆ ಚಾಚಿ ಕೈಯನ್ನು ಕಾಯುತ್ತವೆ. ಮಣಿಕಟ್ಟು ಬಾಗುವ ಪ್ರಸಂಗವೇ ಇಲ್ಲ. ತಿವಿದಾಗ ತೋಳು, ಹೆಗಲು, ಮುಂದಿಟ್ಟ ಕಾಲು ಎಲ್ಲವೂ ಒಂದೇ ಗೆರೆಯಾಗಿ ಮೊನೆಗೆ ಬಂದು ಸೇರುವುವು. ಎಟುಕು ಕಡಿಮೆಯಾದವನು ಶತ್ರುವಿನ ಕತ್ತಿಯ ಸುತ್ತಿನೊಳಕ್ಕೆ ನುಗ್ಗಿದ ಮೇಲೆ ಇಂಥ ಆಯುಧದಿಂದ ಮಾಡಬಹುದಾದ ಅನಾಹುತವನ್ನು ನೀಳಗತ್ತಿಯವನು ಹಿಂದೆ ಸರಿದಲ್ಲದೆ ತಪ್ಪಿಸಿಕೊಳ್ಳಲಾರನು.

ಹಿಂದೆ ಸರಿಯಲು ಜಾಗವಾದರೂ ಇರಬೇಕಷ್ಟೆ. ಆನೆಗೊಂದಿಯ ನೆಲವನ್ನು ಕಂಡವರಿಗೆ ಈ ಮಾತು ಬೇಗನೆ ಮನವರಿಕೆಯಾಗುವುದು. ಹೆಬ್ಬಂಡೆಗಳು ಒಂದರ ಮೇಲೊಂದು ಬಿದ್ದು ಮಾಡಿದ ಸಂದುಗಳು, ಆ ಸಂದುಗಳನ್ನೇ ಬಳಸಿಕೊಂಡು ಬೆಟ್ಟದಿಂದ ಬೆಟ್ಟಕ್ಕೆ ಕಟ್ಟಿದ ಗೋಡೆ, ಗೋಡೆಯಲ್ಲಿ ಸೊಟ್ಟಗೆ ತಿರುಗಿ ಒಳಗೆ ಬಿಡುವ ಬಾಗಿಲು. ಪಾಯೆಸನ ಕಾಲಕ್ಕೆ ಇದು ಹಳೆಯ ರಾಜಧಾನಿಯೆಂಬ ಹೆಸರನ್ನುಳಿಸಿಕೊಂಡು, ಕಡಿಮೆ ಜನವಸತಿಯ, ಆದರೆ ಒಳ್ಳೆಯ ಕೋಟೆಗೋಡೆಗಳುಳ್ಳ, ಎರಡು ಬೆಟ್ಟಗಳ ನಡುವೆ ಎರಡೇ ಬಾಗಿಲುಗಳುಳ್ಳ ಊರಾಗಿತ್ತು. ರಾಯನ ಪರವಾಗಿ ಒಬ್ಬ ನಾಯಕನು ಇಲ್ಲಿದ್ದನು. ಇಲ್ಲಿಗೆ ಹೊಳೆ ದಾಟಿಸುತ್ತಿದ್ದುದು ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಹರಿಗೋಲು. ಬುಟ್ಟಿಯಂತೆ ದುಂಡಗಿರುವ ಅದು ಹದಿನೈದಿಪ್ಪತ್ತು ಮಂದಿಯನ್ನು ಹೊತ್ತು ಸುತ್ತುಸುತ್ತುತ್ತಲೇ ಸಾಗುತ್ತಿತ್ತೆಂದು ಅವನು ವಿಸ್ಮಯಪಟ್ಟಿದ್ದಾನೆ. ಇಂಥ ಹರಿಗೋಲಿನಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬಂದು, ಬಂಡೆಯ ಸಂದಿನಲ್ಲಿ ಒಬ್ಬೊಬ್ಬರಾಗಿ ನುಸುಳಿ, ತಿರುವಿನ ಬಾಗಿಲಿನಲ್ಲಿ ಕಾದಬೇಕಾದವನಿಗೆ ಐದಡಿಯ ಖಡ್ಗವು ಆಯುಧವಾಗದೆ ಹೊರೆಯಾಗುವುದು. ಮೇಜಿನ ಮೇಲಿನ ಯುದ್ಧಗಳು ಹೆಚ್ಚಾಗಿ ಚೌಕ ಹಾಕಿದ ಬಯಲಿನಲ್ಲಿ ನಡೆಯುವುದರಿಂದಲೇ ಗಾತ್ರಕ್ಕೆ ಅಲ್ಲಿ ಅಷ್ಟು ಬೆಲೆ ಎಂದು ನಾನು ಬಗೆದಿದ್ದೇನೆ.

ಗಾತ್ರವು ನಿಜವಾಗಿಯೂ ರಾಜ್ಯದ ಚಿಂತೆಯಾದುದು ಆಳಿನ ವಿಷಯದಲ್ಲಲ್ಲ, ಕುದುರೆಯ ವಿಷಯದಲ್ಲಿ. ಬಹಮನಿಯವರು ಮೇಲಿಂದ ಮೇಲೆ ಗೆಲ್ಲುವುದೇಕೆಂದು ಇಮ್ಮಡಿ ದೇವರಾಯನು ಸಭೆ ಕೂಡಿಸಿ ಕೇಳಿದಾಗ, ಅವರ ಕುದುರೆಗಳು ಗಟ್ಟಿಮುಟ್ಟಾದವು, ನಮ್ಮವು ಬಡಕಲು; ಅವರಲ್ಲಿ ಬಿಲ್ಲುಗಾರರು ಬಹಳ, ನಮ್ಮಲ್ಲಿ ಕಡಿಮೆ ಎಂಬ ಉತ್ತರ ಬಂದಿತೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಅರಸನು ಬಿಲ್ಲುಗಾರಿಕೆಯಲ್ಲಿ ಪಳಗಿದ ಮುಸಲ್ಮಾನರನ್ನು ಸೈನ್ಯಕ್ಕೆ ಸೇರಿಸಿ, ತನ್ನವರಿಗೂ ಅದನ್ನು ಕಲಿಸುವ ಏರ್ಪಾಡು ಮಾಡಿದನು. ಬಿಲ್ಲುಗಾರನನ್ನು ತಯಾರಿಸಬಹುದು, ಕುದುರೆಯ ಮೈಯನ್ನು ತಯಾರಿಸಲಾಗದು; ಅದನ್ನು ಕೊಳ್ಳಬೇಕು. ಪೋರ್ಚುಗೀಸ ನೂನಿಜನ ಮಾತನ್ನು ನಂಬುವುದಾದರೆ ಮುಂದಿನ ಕಾಲದಲ್ಲಿ ವಿಜಯನಗರದ ಅರಸನು ವರ್ಷಕ್ಕೆ 13,000 ಹೋರ್ಮುಜಿನ ಕುದುರೆಗಳನ್ನು ಕೊಳ್ಳುತ್ತಿದ್ದನು. ಹಜಾರರಾಮನ ಗುಡಿಯ ಹೊರಗೋಡೆಯ ಮೇಲೆ ಸಾಲಾಗಿ ನಡೆದಿರುವ ಆ ಕಲ್ಲಿನ ಕುದುರೆಗಳ ಹಿಂದೆ ಇಷ್ಟೊಂದು ಹಣದ ಲೆಕ್ಕವಿದೆ.

ಹಾಗಾದರೆ ದೊಡ್ಡ ಆಯುಧಕ್ಕೆ ದೊಡ್ಡ ಮೈಯೇ ಬೇಕೆಂಬ ಭಾವನೆ ಎಲ್ಲಿಂದ ಬಂತು? ಅದು ರಣರಂಗದಿಂದ ಬಂದುದಲ್ಲ, ಕಥೆಯಿಂದ ಬಂದುದು. ಕಥೆಯಲ್ಲಿ ಗಾತ್ರವೆಂಬುದು ಮೈಯ ಅಳತೆಯಲ್ಲ, ಮಾನದ ಅಳತೆ. ನಮ್ಮ ವೀರಗಲ್ಲುಗಳಲ್ಲಿ ಸತ್ತ ವೀರನು ತನ್ನ ಸುತ್ತ ಬಿದ್ದ ಶತ್ರುಗಳಿಗಿಂತ ಎಷ್ಟೋ ದೊಡ್ಡವನಾಗಿ ನಿಂತಿರುತ್ತಾನೆ. ಕಲ್ಲುಕುಟಿಗನಿಗೆ ಅವನ ನಿಜವಾದ ಎತ್ತರ ಗೊತ್ತಿರಲಿಲ್ಲವೆಂದಲ್ಲ, ಅದು ಬೇಕಾಗಿರಲಿಲ್ಲ. ತೊಗಲುಗೊಂಬೆಯಾಟದವರು ಇದನ್ನು ಒಂದು ಕಟ್ಟಳೆಯನ್ನಾಗಿಯೇ ಇಟ್ಟುಕೊಂಡಿದ್ದಾರೆ. ಕರ್ನಾಟಕದ ತೊಗಲುಗೊಂಬೆಗಳಲ್ಲಿ ದೇವರು ದೊರೆಗಳ ಗೊಂಬೆ ದೊಡ್ಡದು, ಸೇವಕರ, ಸಾಮಾನ್ಯರ ಗೊಂಬೆ ಚಿಕ್ಕದು. ಪದವಿಗೆ ತಕ್ಕ ಪ್ರಮಾಣ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತಮ್ಮ ತೊಂಬತ್ತನ್ನು ದಾಟಿದ ಪ್ರಾಯದಲ್ಲಿ, 2025ರಲ್ಲಿ, ಪದ್ಮಶ್ರೀ ಗೌರವವನ್ನು ಪಡೆದದ್ದು ಈ ಕಲೆಗಾಗಿ. ದೀಪದ ಮುಂದಿನ ಬಿಳಿಯ ಪರದೆಯ ಮೇಲೆ ಭೀಮನ ಗದೆ ತೂಗುವುದನ್ನು ನಿಜವಾದ ಪಾತ್ರಾಭಿನಯದ ಆಟವೆನ್ನಬೇಕು. ಆದರೆ ಅಲ್ಲಿ ಗೊಂಬೆಯ ಗಾತ್ರಕ್ಕೂ ಅದರ ಕೈಯ ಆಯುಧದ ತೂಕಕ್ಕೂ ಇರುವ ಸಂಬಂಧವನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹೊಸ ಆಟದ ನಿಯಮಕಾರರು ಮಾಡಿದುದೇನೆಂದರೆ, ಮಾನದ ಅಳತೆಯನ್ನು ಕಥೆಯಿಂದ ಎತ್ತಿಕೊಂಡು ಅದನ್ನು ಮೈಯ ಅಳತೆಯೆಂದು ತಿಳಿದು ಕೋಷ್ಟಕದಲ್ಲಿ ಬರೆದುದು.

ಕಥೆಗಳಾದರೂ ಯಾವಾಗಲೂ ಅಷ್ಟು ಸರಳವಾಗಿ ನಡೆಯುವುದಿಲ್ಲವೆನ್ನಿ. ಕನ್ನಡಿಗರು ಗದಾಯುದ್ಧವೆಂದೊಡನೆ ರನ್ನನನ್ನು ನೆನೆಯುವರು. ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಅವನು ಕಟ್ಟಿದ ಕಾವ್ಯದಲ್ಲಿ ಭೀಮನದೇ ಮೇಲುಗೈ. ಆದರೆ ವ್ಯಾಸರ ಶಲ್ಯಪರ್ವಕ್ಕೆ ಹೋದರೆ, ಕಾಳಗಕ್ಕೆ ಮೊದಲೇ ಕೃಷ್ಣನು ಚಿಂತೆಗೊಳಗಾಗಿರುವುದನ್ನು ಕಾಣುತ್ತೇವೆ. ಭೀಮನು ಬಲಿಷ್ಠ, ದುರ್ಯೋಧನನು ಪಳಗಿದವನು; ಬಲಿಷ್ಠನಿಗಿಂತ ಪಳಗಿದವನೇ ಮೇಲೆಂಬುದು ಅವನ ಅಭಿಪ್ರಾಯ. ಹದಿಮೂರು ವರ್ಷ ಪಾಂಡವರು ವನವಾಸ, ಅಜ್ಞಾತವಾಸಗಳಲ್ಲಿದ್ದಾಗ ದುರ್ಯೋಧನನು ಭೀಮನನ್ನೇ ಹೋಲುವ ಕಬ್ಬಿಣದ ಪ್ರತಿಮೆಯನ್ನು ನಿಲ್ಲಿಸಿಕೊಂಡು ಗದೆಯ ಸಾಮು ಮಾಡಿದ್ದನು. ಕೊನೆಗೆ ಗೆಲವನ್ನು ತಂದುದು ಭೀಮನ ಗಾತ್ರವಲ್ಲ. ನಾಭಿಯ ಕೆಳಗೆ ಹೊಡೆಯಬಾರದೆಂಬ ನಿಯಮವನ್ನು ಮುರಿದು ತೊಡೆಗೆ ಇಕ್ಕಿದ ಏಟು. ನಿಯಮಗ್ರಂಥಗಳನ್ನು ಬರೆಯುವವರು ಈ ಪ್ರಸಂಗವನ್ನು ಆಗಾಗ ಓದುವುದು ಮೇಲು.

ಆಟದವರು ತಾವಾಗಿಯೇ ಒಂದು ದಾರಿ ಹಿಡಿದಿರುವರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು. 2024ರ ಪರಿಷ್ಕೃತ ಗ್ರಂಥದಲ್ಲಿ ಸಣ್ಣ ಗಾತ್ರದವರ ಮೇಲಿದ್ದ ನಿರ್ಬಂಧವನ್ನು ತೆಗೆದುಹಾಕಿ, ಕೈಯಿಂದ ಬೀಸುವ ಭಾರಿ ಆಯುಧಕ್ಕೆ 13 ಅಂಕದ ಬಲವೂ, ದೂರಕ್ಕೆ ಪ್ರಯೋಗಿಸುವ ಭಾರಿ ಆಯುಧಕ್ಕೆ 13 ಅಂಕದ ಕೈಚಳಕವೂ ಇದ್ದರೆ ಸಾಕೆಂದು ಗೊತ್ತುಮಾಡಿದ್ದಾರೆ. ಮೂರಡಿಯವನಿಗೂ ಆರಡಿಯವನಿಗೂ ಒಂದೇ ಗೆರೆ. ಐವತ್ತು ವರ್ಷಗಳ ದಾಳದುರುಳಾಟದ ಬಳಿಕ ಅವರು ಬಂದು ನಿಂತುದು ಧನುರ್ವೇದಕಾರನು ನಿಂತಿದ್ದ ಸ್ಥಳದ ಆಸುಪಾಸಿನಲ್ಲಿ. ಆದರೆ ಆ 13 ಎಂಬುದು ಎಷ್ಟು ಎಳ್ಳೆಣ್ಣೆಯಿಂದ, ಎಷ್ಟು ನಸುಕುಗಳಿಂದ ಕೂಡಿಬಂತೆಂದು ಅವರ ಮೇಜು ಕೇಳದು.

ಇತ್ತ ರಣರಂಗದಲ್ಲಿ ಈ ಚರ್ಚೆಯನ್ನೇ ನಿಲ್ಲಿಸುವ ವಸ್ತುವೊಂದು ಪಾಯೆಸನ ಕಾಲಕ್ಕಾಗಲೇ ಬಂದಿತ್ತು. 1520ರಲ್ಲಿ ರಾಯಚೂರಿನ ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ದೆ ಫಿಗೆರೆದೊ ಎಂಬವನೂ ಅವನ ಸಂಗಡಿಗರಾದ ಇಪ್ಪತ್ತು ಮಂದಿ ಪೋರ್ಚುಗೀಸರೂ ಕೋವಿಗಳನ್ನು ಹಿಡಿದು ಬಂದು, ಗೋಡೆಯ ಮೇಲೆ ತಲೆ ತೋರಿದ ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ಕೆಡವಿದರೆಂದು ನೂನಿಜನು ವಿವರಿಸುತ್ತಾನೆ. ಕೋವಿಯ ಮುಂದೆ ದೊಡ್ಡ ಮೈ ಒಂದು ದೊಡ್ಡ ಗುರಿ ಮಾತ್ರ. ಆದರೂ ಗರಡಿಗಳು ಒಡನೆಯೇ ಮುಚ್ಚಿಹೋಗಲಿಲ್ಲ. ಹಬ್ಬದಲ್ಲಿ ಅರಸನ ಎದುರಿಗೆ ಸೆಣಸಲು ಸಾವಿರ ಜಟ್ಟಿಗಳಿದ್ದರೆಂದೂ, ಅವರು ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಪರಸ್ಪರ ಗಾಯಗೊಳಿಸುತ್ತಿದ್ದರೆಂದೂ, ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದೂ ಅದೇ ನೂನಿಜನು ಬರೆದಿದ್ದಾನೆ. ಆ ಮೊನೆಯ ಬಳೆಗೆ ಬಹು ಹತ್ತಿರದ ಕಾಳಗವು ವಜ್ರಮುಷ್ಟಿಯೆಂಬ ಹೆಸರಿನಿಂದ ಮೈಸೂರಿನ ವಿಜಯದಶಮಿಯ ದಿನ ಇಂದಿಗೂ ನಡೆಯುತ್ತದೆ. ತಲೆಯಿಂದ ಮೊದಲ ಹನಿ ರಕ್ತ ಚಿಮ್ಮಿದೊಡನೆ ಜಟ್ಟಿಗಳನ್ನು ಬಿಡಿಸುವರು.

ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಕಡೆಯ ಜಾತ್ರೆಗಳಲ್ಲಿ ಉಳಿದಿರುವುದು ಕೈದುವಿಲ್ಲದ ಕುಸ್ತಿ, ಮತ್ತು ಸಂಗ್ರಾಣಿ ಕಲ್ಲನ್ನೆತ್ತುವ ಪಂದ್ಯ. ಅಂತರರಾಷ್ಟ್ರೀಯ ಕುಸ್ತಿಯಲ್ಲಿರುವಂತೆ ತಕ್ಕಡಿಯಲ್ಲಿ ತೂಗಿ ವರ್ಗ ಮಾಡುವ ಪದ್ಧತಿ ಹಳ್ಳಿಯ ಕಣದಲ್ಲಿ ಇಲ್ಲ. ಒಬ್ಬ ಪೈಲ್ವಾನನ ಕೈಯನ್ನು ಹಿಡಿದೆತ್ತಿ ಹಿರಿಯನೊಬ್ಬನು ಕಣದ ಸುತ್ತ ತಿರುಗಿಸುತ್ತ, ಇವನಿಗೆ ಜೋಡಿ ಯಾರೆಂದು ಕೂಗಿ ಕೇಳುವನು. ನೆರೆದವರಲ್ಲಿ ಕಣ್ಣುಳ್ಳವರು ಅವನ ಎತ್ತರವನ್ನು ನೋಡುವುದು ಕಡಿಮೆ. ನೋಡುವುದು ಕತ್ತಿನ ಬುಡವನ್ನು, ತೊಡೆಯನ್ನು, ಮಟ್ಟಿಯಲ್ಲಿ ಉಜ್ಜಿ ಮುದುಡಿದ ಕಿವಿಯನ್ನು. ಒಬ್ಬನು ಮುಂದೆ ಬಂದು ಕೈ ಕೊಟ್ಟರೆ ಜೋಡಿ ಹತ್ತಿತು. ಜೋಡಿ ಸಮವಲ್ಲವೆಂದು ಅವನ ಕಡೆಯವರಿಗೆ ತೋರಿದರೆ ಅಲ್ಲಿಯೇ ತಕರಾರು ತೆಗೆಯುವರು. ಮಾತಿಗೆ ಮಾತು ಬೆಳೆದು, ಪಂಚರು ನಡುವೆ ಬಂದು, ಆ ಜೋಡಿಯನ್ನು ಬಿಡಿಸಿ ಬೇರೊಬ್ಬನನ್ನು ಕರೆಯುವರು. ಹಿಂದೆ ಸರಿದವನನ್ನು ಇದಕ್ಕಾಗಿ ಯಾರೂ ಹೀಯಾಳಿಸುವುದಿಲ್ಲ. ಮುಂದಿನ ಸುತ್ತಿಗೆ ಅವನ ಹೆಸರನ್ನು ಮತ್ತೆ ಕೂಗುವರು.